ಟೊಮಾಹಾಕ್‌ಗೆ ಎಷ್ಟುದ್ದದ ಕಾವು? ಗರಗಸ ಇಡುವ ಮುಂಚೆ ಓದಿ

ಪ್ರಶ್ನೆ: ನಾನು ಮೂಡಿಗೆರೆ ಕಡೆಯ ಕಾಫಿ ತೋಟದ ಮನೆಯವನು. ಆನ್‌ಲೈನಿನಲ್ಲಿ ಅಮೆರಿಕನ್ ಮಾದರಿಯ ಸಣ್ಣ ಕೈಗೊಡಲಿ, ಟೊಮಾಹಾಕ್ ಒಂದನ್ನು ತರಿಸಿದ್ದೇನೆ. ಹಿಕರಿ ಮರದ ಕಾವು, 22 ಇಂಚು ಉದ್ದ. ತೋಟದ ಹಳ್ಳದ ದಂಡೆಯಲ್ಲಿ ಗೆಳೆಯರ ಜೊತೆ ಟೆಂಟ್ ಹಾಕಿದಾಗ ಸೌದೆ ಮಾಡುವುದು, ಬಿದ್ದ ಕೊಂಬೆ ಸವರುವುದು, ಗೂಟ ಹೊಡೆಯುವುದು, ಇಷ್ಟೇ ಕೆಲಸ. ಬ್ಯಾಗಿನಲ್ಲಿ ಹಿಡಿಸುವುದಿಲ್ಲ, ಹಾಗಾಗಿ 16 ಇಂಚಿಗೆ ಕತ್ತರಿಸಲೇ? ಗೆಳೆಯನೊಬ್ಬ 28 ಇಂಚಿನದು ಹಾಕಿಸು ಅನ್ನುತ್ತಾನೆ. ತಲೆ ಬೇರೆ ಆಗಾಗ ಸಡಿಲವಾಗಿ ಕೈ ಕಡೆಗೆ ಜಾರುತ್ತದೆ. ನಮ್ಮೂರ ಆಚಾರಿ ಹತ್ತಿರ ಬೆಣೆ ಹೊಡೆಸಿದರೆ ಸರಿಹೋದೀತೇ? ಕಪ್ಪು ಬಣ್ಣ ತೆಗೆದು, ಬಾಯಿ ಹರಿತ ಮಾಡಿಸಿ, ಹಿಡಿಗೆ ಹಗ್ಗ ಸುತ್ತುವ ಯೋಚನೆಯೂ ಇದೆ. ಟ್ರೆಕ್ಕಿಂಗ್‌ಗೆ ಒಯ್ಯಬಹುದೇ?

ಉತ್ತರ: ಕತ್ತರಿಸಬೇಡಿ, ಬೆಣೆಯನ್ನೂ ಹೊಡೆಸಬೇಡಿ. ಬೇಕೆನಿಸಿದರೆ ಇನ್ನೊಂದು ಕಾವು ಮಾಡಿಸಿಕೊಳ್ಳಿ. ಬ್ಯಾಗಿನ ತೊಂದರೆಗೂ ತಲೆ ಜಾರುವ ತೊಂದರೆಗೂ ಮೂಲ ಒಂದೇ. ಟೊಮಾಹಾಕನ್ನು ನೀವು ಮನೆಯ ಕೊಡಲಿಯ ಲೆಕ್ಕದಲ್ಲಿ ನೋಡುತ್ತಿದ್ದೀರಿ. ಅದರ ಕಾವು ಕೂರುವ ಕ್ರಮವೇ ಬೇರೆ.

ಅಂಗಡಿಯಲ್ಲಿ ಸಿಗುವ ಸೌದೆ ಕೊಡಲಿಗೆ ಕಾವನ್ನು ಕೆಳಗಿನಿಂದ ತೂರಿಸುತ್ತಾರೆ, ಮೇಲಿನಿಂದ ಬೆಣೆ ಹೊಡೆದು ತುದಿಯನ್ನು ಅಗಲಿಸುತ್ತಾರೆ. ತಲೆ ಹಾರಿಹೋಗದಂತೆ ತಡೆಯುವುದು ಆ ಬೆಣೆ. ಟೊಮಾಹಾಕ್ ಹಾಗಲ್ಲ, ಅದು ಪಿಕಾಸಿಯ ಜಾತಿ. ಕಾವಿನ ಮೇಲ್ತುದಿ ದಪ್ಪ, ಹಿಡಿಯುವ ಬುಡ ಸಣ್ಣ. ತಲೆಯನ್ನು ಬುಡದ ಕಡೆಯಿಂದ ಏರಿಸಿ ಮೇಲಕ್ಕೆ ತಳ್ಳುತ್ತಾ ಹೋದರೆ ಕೊನೆಗೆ ದಪ್ಪ ತುದಿಯಲ್ಲಿ ಕಚ್ಚಿಕೊಳ್ಳುತ್ತದೆ. ತಲೆಯಲ್ಲಿ ಕಾವು ತೂರುವ ತೂತು, ಅಂದರೆ ಕಣ್ಣು, ಅದೂ ಇದಕ್ಕೆ ಹೊಂದುವಂತೆ ಮೇಲೆ ಅಗಲ, ಕೆಳಗೆ ಕಿರಿದು. ಬೀಸಿದಾಗೆಲ್ಲ ತಲೆ ಹೊರಕ್ಕೆ ಎಳೆಯುವುದರಿಂದ ಹಿಡಿತ ಬಿಗಿಯಾಗುತ್ತಲೇ ಹೋಗುತ್ತದೆ. ಬೆಣೆ ಇಲ್ಲ, ಮೊಳೆ ಇಲ್ಲ.

ಈ ಏರ್ಪಾಡಿಗೆ ಹಳೆಯ ಕಾರಣವಿದೆ. 17ನೇ ಶತಮಾನದಿಂದ ಫ್ರೆಂಚ್ ಮತ್ತು ಇಂಗ್ಲಿಷ್ ವ್ಯಾಪಾರಿಗಳು ಉತ್ತರ ಅಮೆರಿಕದ ಪೂರ್ವ ಭಾಗದ ಮೂಲನಿವಾಸಿಗಳಿಗೆ ತುಪ್ಪಳದ ಬದಲಿಗೆ ಕಬ್ಬಿಣದ ಕೊಡಲಿ ತಲೆಗಳನ್ನು ಕೊಡುತ್ತಿದ್ದರು. ಕಾವು ಮುರಿದರೆ ಕಾಡಿನಲ್ಲೇ ಒಂದು ಚಾಕುವಿನಿಂದ ಇನ್ನೊಂದನ್ನು ಕೆತ್ತಿ ಕೂರಿಸಿಕೊಳ್ಳಬೇಕಿತ್ತು. ಗುಂಡನೆಯ ಅಥವಾ ಮೊಟ್ಟೆಯಾಕಾರದ ಕಣ್ಣಿಗೆ ಅದು ಸಾಧ್ಯ. ಅಂದರೆ ಇಲ್ಲಿ ತಲೆ ಸ್ಥಿರ, ಕಾವು ಬದಲಾಗುವ ಭಾಗ. ಒಂದು ತಲೆಗೆ ಎರಡು ಕಾವು ಇಟ್ಟುಕೊಳ್ಳಲು ಅಡ್ಡಿಯೇನೂ ಇಲ್ಲ. ಇಂಥ ಅನುಕೂಲ ಇಟ್ಟುಕೊಂಡು ಇರುವ ಒಂದೇ ಒಳ್ಳೆಯ ಹಿಕರಿ ಕಾವನ್ನು ತುಂಡು ಮಾಡುವುದೇಕೆ?

ಮೊದಲು ಬ್ಯಾಗಿನ ವಿಚಾರ ಮುಗಿಸೋಣ. ತಲೆಯ ಪಕ್ಕದಲ್ಲಿ ಸಣ್ಣದೊಂದು ಸ್ಕ್ರೂ ಇದ್ದರೆ ಅಲೆನ್ ಕೀಲಿಯಿಂದ ಬಿಚ್ಚಿ. ಕಾವಿನ ಬುಡವನ್ನು ಮರದ ದಿಮ್ಮಿಯ ಮೇಲೆ ನಾಲ್ಕು ಸಲ ಕುಟ್ಟಿ. ತಲೆ ಕೆಳಗಿಳಿದು ಕೈಗೆ ಬರುತ್ತದೆ. ಬಾಯಿಗೆ ಮುಸುಕು ಹಾಕಿ ತಲೆಯನ್ನು ಬ್ಯಾಗಿನೊಳಗಿಡಿ, ಕಾವನ್ನು ನೀರಿನ ಬಾಟಲಿ ಇಡುವ ಪಕ್ಕದ ಜೇಬಿಗೆ ಸಿಕ್ಕಿಸಿ. 22 ಇಂಚು ಅಂದರೆ 56 ಸೆಂಟಿಮೀಟರ್, ಸಣ್ಣ ಕೋಲು ಅಷ್ಟೇ. ಜಾಗ ಮುಟ್ಟಿದ ಮೇಲೆ ಜೋಡಿಸಲು ಒಂದು ನಿಮಿಷವೂ ಬೇಡ.

ತಲೆ ಕೆಳಗಿಳಿಸುವ ಈ ವಿಧಾನದಲ್ಲೇ ನಿಮ್ಮ ಇನ್ನೊಂದು ತೊಂದರೆಗೂ ಉತ್ತರ ಇದೆ ಅಂತ ನನ್ನ ಅನುಮಾನ. ಕೊಡಲಿ ಸಡಿಲವಾದರೆ ನಾವೆಲ್ಲ ಏನು ಮಾಡುತ್ತೇವೆ? ಕಾವಿನ ಬುಡವನ್ನು ಕಲ್ಲಿನ ಮೇಲೆ ಕುಟ್ಟುತ್ತೇವೆ. ಕಾವು ನಿಲ್ಲುತ್ತದೆ, ಭಾರದ ತಲೆ ಕೆಳಕ್ಕಿಳಿದು ಕೂರುತ್ತದೆ. ಬೆಣೆಯ ಕೊಡಲಿಗೆ ಅದು ಸರಿ. ಅದೇ ಕುಟ್ಟು ಟೊಮಾಹಾಕ್‌ನ ತಲೆಯನ್ನು ಬಿಚ್ಚುತ್ತದೆ. ಇದನ್ನು ಬಿಗಿ ಮಾಡಬೇಕಾದರೆ ತಲೆಕೆಳಗಾಗಿ ಹಿಡಿದು ಕಾವಿನ ಮೇಲ್ತುದಿಯನ್ನು ದಿಮ್ಮಿಗೆ ಕುಟ್ಟಬೇಕು. ಅದಕ್ಕೆಂದೇ ಕಾವಿನ ತುದಿ ತಲೆಯಿಂದ ಒಂದು ಸೆಂಟಿಮೀಟರ್‌ನಷ್ಟಾದರೂ ಹೊರಗೆ ಚಾಚಿರಬೇಕು. ಚಂದ ಕಾಣಲಿ ಅಂತ ಅದನ್ನು ತಲೆಯ ಮಟ್ಟಕ್ಕೆ ಕೊಯ್ದುಹಾಕುವವರಿದ್ದಾರೆ. ಆಮೇಲೆ ಕುಟ್ಟಲು ಏನೂ ಉಳಿಯುವುದಿಲ್ಲ.

ಬೆಣೆ ಯಾಕೆ ಬೇಡ ಅನ್ನುವುದೂ ಇಲ್ಲೇ ಸ್ಪಷ್ಟವಾಗುತ್ತದೆ. ಮೇಲ್ತುದಿ ಈಗಾಗಲೇ ದಪ್ಪ. ಅಲ್ಲಿ ಬೆಣೆ ಹೊಡೆದರೆ ಹೊರಚಾಚಿದ ಮರ ಸೀಳಿಹೋಗುತ್ತದೆ. ಕಣ್ಣಿನ ಕೆಳಬಾಯಿಯ ಹತ್ತಿರದ ಸಡಿಲ ಹಾಗೇ ಉಳಿಯುತ್ತದೆ.

ಈಗ ಉದ್ದದ ಪ್ರಶ್ನೆ. ಕಾವು ಉದ್ದವಾದಷ್ಟೂ ತಲೆ ವೇಗವಾಗಿ ಓಡುತ್ತದೆ, ವೇಗದ ವರ್ಗಕ್ಕೆ ತಕ್ಕಂತೆ ಏಟಿನ ಶಕ್ತಿ ಏರುತ್ತದೆ. ಭುಜದಿಂದ ಮುಷ್ಟಿಯವರೆಗೆ 60 ಸೆಂಟಿಮೀಟರ್ ಅಂತ ಹಿಡಿದು ಒಂದೇ ವೇಗದಲ್ಲಿ ತೋಳು ತಿರುಗಿಸಿದರೆ, 16 ಇಂಚಿಗಿಂತ 22 ಇಂಚಿನ ಕಾವಿನಲ್ಲಿ ಏಟಿನ ಶಕ್ತಿ ಸುಮಾರು ಮೂರನೇ ಒಂದು ಪಾಲು ಹೆಚ್ಚು. ಇದು ಕಾಗದದ ಲೆಕ್ಕ. ತೋಳಿಗೂ ಮಿತಿ ಇರುವುದರಿಂದ ಕೈಯಲ್ಲಿ ಅಷ್ಟು ಪೂರ್ತಿ ಸಿಗುವುದಿಲ್ಲ. ಆದರೂ ವ್ಯತ್ಯಾಸ ಮೊದಲ ಏಟಿನಲ್ಲೇ ಗೊತ್ತಾಗುತ್ತದೆ. ಟೊಮಾಹಾಕ್‌ನ ತಲೆ ಹೆಚ್ಚುಕಡಿಮೆ ಅರ್ಧ ಕಿಲೋ ಅಷ್ಟೇ. ಸೌದೆ ಕೊಡಲಿಯ ತಲೆ ಒಂದೂವರೆ ಕಿಲೋ ಇರುತ್ತದೆ, ಬರೀ ಭಾರದ ಮೇಲೆ ಕೆಲಸ ಮಾಡುತ್ತದೆ. ಇದು ವೇಗವನ್ನೇ ನೆಚ್ಚಿಕೊಂಡದ್ದು. ಕಾವು ಕತ್ತರಿಸಿದರೆ ನೀವು ಕಿತ್ತುಕೊಳ್ಳುವುದು ಆ ವೇಗವನ್ನು.

ಇನ್ನೊಂದು ಸಂಗತಿ: ಉದ್ದ ಕಾವನ್ನು ಮೇಲೆ ಹಿಡಿದರೆ ಗಿಡ್ಡ ಕಾವಿನ ಕೆಲಸ ಆಗುತ್ತದೆ. ಗಿಡ್ಡ ಕಾವು ಉದ್ದವಾಗಲಾರದು. ಗೂಟದ ತುದಿ ಚೂಪು ಮಾಡುವಾಗ, ಸೌದೆಯಿಂದ ಚಕ್ಕೆ ಎಬ್ಬಿಸುವಾಗ ತಲೆಯ ಕೆಳಗೇ ಹಿಡಿಯಿರಿ. ಹಿಂದೆ ಉಳಿದ ಬಾಲ ಮೊಣಕೈಗೆ, ಅಂಗಿಗೆ ತಾಗುತ್ತದೆ, ನಿಜ. ಅದೊಂದೇ ತಕರಾರು. ನಿಮಗೆ ಯಾವ ಉದ್ದ ಒಗ್ಗುತ್ತದೆ ಅಂತ ತಿಳಿಯಲು ಕಾವಿನ ಮೇಲೆ 16, 19 ಇಂಚುಗಳಲ್ಲಿ ಇನ್ಸುಲೇಷನ್ ಟೇಪಿನ ಗುರುತು ಹಾಕಿ, ಅಲ್ಲಲ್ಲೇ ಹಿಡಿದು ಕೆಲವು ದಿನ ಕೆಲಸ ಮಾಡಿ ನೋಡಿ. ಗುರುತು ಅಳಿಸಬಹುದು, ಕೊಯ್ದದ್ದನ್ನು ಅಂಟಿಸಲಾಗದು.

16 ಇಂಚು, ಅಂದರೆ ಸುಮಾರು 41 ಸೆಂಟಿಮೀಟರ್, ಕೂತು ಅಥವಾ ಮಂಡಿಯೂರಿ ಮಾಡುವ ಕೆಲಸಕ್ಕೆ ಸರಿ. ಚಮಚ ಕೆತ್ತುವುದು, ಗೂಟ ಚೂಪು ಮಾಡುವುದು, ಒಲೆಗೆ ಪುಳ್ಳೆ ಸೀಳುವುದು. ನಿಂತುಕೊಂಡು ಬೀಸಲು ಅದು ಅಪಾಯ. ಕಾವು ಗಿಡ್ಡವಾದರೆ ಸುರಕ್ಷಿತ ಅಂತ ಬಹಳ ಜನ ತಿಳಿದಿದ್ದಾರೆ, ವಾಸ್ತವ ತಿರುವುಮುರುವು. ಗುರಿ ತಪ್ಪಿದ ಏಟು ಎಲ್ಲಿ ಮುಗಿಯುತ್ತದೆ ನೋಡಿ: ಉದ್ದ ಕಾವಿನದು ಮುಂದಿನ ನೆಲಕ್ಕೆ ಬಡಿಯುತ್ತದೆ, ಗಿಡ್ಡ ಕಾವಿನದು ವೃತ್ತ ಪೂರೈಸಿಕೊಂಡು ನಿಮ್ಮ ಮೊಣಕಾಲಿಗೋ ಕಣಕಾಲಿಗೋ ಬರುತ್ತದೆ. ಇಂಬಳಕ್ಕೆ ಹೆದರಿ ಹಾಕಿಕೊಳ್ಳುವ ಗಂಬೂಟು ಕೊಡಲಿ ಏಟನ್ನು ತಡೆಯುವುದಿಲ್ಲ. 22 ಇಂಚು ಕೂಡ ಈ ಲೆಕ್ಕದಲ್ಲಿ ಉದ್ದದ್ದಲ್ಲ. ಹಾಗಾಗಿ ಯಾವ ಟೊಮಾಹಾಕೇ ಇರಲಿ, ಸೌದೆ ಸೀಳುವಾಗ ಮಂಡಿಯೂರಿ, ಕೆಳಗೆ ಅಗಲದ ಕೊರಡು ಇಟ್ಟು, ಕೊರಡಿನ ಆಚೆ ಅಂಚಿನಲ್ಲಿ ಸೌದೆ ನಿಲ್ಲಿಸಿ ಹೊಡೆಯಿರಿ.

ನಿಮ್ಮ ಗೆಳೆಯರು ಹೇಳುವ 28 ಇಂಚು ನನಗೆ ಒಪ್ಪಿಗೆಯಿಲ್ಲ. ಎರಡು ಕೈಯಲ್ಲಿ ಬೀಸುವ ಉದ್ದ ಅದು. ಎರಡು ಕೈ ಹಾಕುವುದಾದರೆ ತಲೆಯಲ್ಲೂ ಭಾರ ಬೇಕು. ಅರ್ಧ ಕಿಲೋ ತಲೆ ಒಣ ದಿಮ್ಮಿಯಲ್ಲಿ ಸಿಕ್ಕಿಕೊಂಡಾಗ ಅಷ್ಟುದ್ದ ಕಾವು ಹಿಡಿದು ಮೀಟಿದರೆ ಪೂರ್ತಿ ಒತ್ತಡ ಬೀಳುವುದು ತಲೆಯ ಕೆಳಗಿನ ಕುತ್ತಿಗೆಯ ಮೇಲೆ. ಸಣ್ಣ ಕಣ್ಣಿನಿಂದ ತೂರಿಬರಬೇಕಾದ ಕಾವು ಅಲ್ಲಿ ದಪ್ಪ ಇರಲು ಸಾಧ್ಯವೇ ಇಲ್ಲ. ಮುರಿಯುವುದು ಅಲ್ಲೇ. ಅಂಥ ಕೆಲಸಕ್ಕೆ ತೋಟದ ಮನೆಯಲ್ಲಿ ದೊಡ್ಡ ಕೊಡಲಿ ಹೇಗೂ ಇರುತ್ತದೆ.

ಒಂದೇ ಕಾವು ಇಟ್ಟುಕೊಳ್ಳುವವರಿಗೆ ನಾನು ಹೇಳುವುದು 19 ಇಂಚು. ತಯಾರಕರಲ್ಲೂ ಎರಡು ಪಂಥ ಇದೆ. ಕೋಲ್ಡ್ ಸ್ಟೀಲ್ ಕಂಪನಿಯ ಟ್ರೇಲ್ ಹಾಕ್ 22 ಇಂಚಿನ ಕಾವಿನಲ್ಲಿ ಬರುತ್ತದೆ, ರಯಾನ್ ಜಾನ್ಸನ್ ವಿನ್ಯಾಸ ಮಾಡಿದ ಸಿಆರ್‌ಕೆಟಿ ಕಂಪನಿಯ ವುಡ್ಸ್ ಚೋಗನ್ 19 ಇಂಚಿನ ಸುಮಾರಿಗೆ. ನಿಮ್ಮ ಹತ್ತಿರ 22 ಇರುವುದರಿಂದ ಅದನ್ನು ಹಾಗೇ ಬಿಟ್ಟು, ಕೆತ್ತನೆಗೆ ಮತ್ತು ಚೀಲಕ್ಕೆ 16 ಅಥವಾ 17 ಇಂಚಿನದೊಂದು ಮಾಡಿಸಿಕೊಂಡರೆ ಎರಡೂ ಕೈಯಲ್ಲಿದ್ದಂತೆ. ನೈಲಾನ್ ಹಿಡಿಗೆ ತಲೆಯನ್ನು ಬೋಲ್ಟ್ ಹಾಕಿ ಕೂರಿಸಿದ ಇನ್ನೊಂದು ಬಗೆ ಮಾರುಕಟ್ಟೆಯಲ್ಲಿದೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ, 1960ರ ದಶಕದ ನಡುವಿನಲ್ಲಿ, ಪೀಟರ್ ಲಗಾನಾ ಅಮೆರಿಕದ ಸೈನಿಕರಿಗಾಗಿ ಮಾಡಿದ ಟೊಮಾಹಾಕ್‌ನ ವಂಶ ಅದು. ಅದರಲ್ಲಿ ಕಾವು ಬದಲಿಸುವ ಮಾತೇ ಇಲ್ಲ, ಸೌದೆ ಕೆಲಸಕ್ಕೆ ಹೇಳಿ ಮಾಡಿಸಿದ್ದೂ ಅಲ್ಲ. ನೀವು ಮರದ ಕಾವಿನದನ್ನು ಆರಿಸಿದ್ದು ಒಳ್ಳೆಯದೇ ಆಯಿತು.

ಉದ್ದಕ್ಕಿಂತ ನಾನು ಹೆಚ್ಚು ಗಮನ ಕೊಡುವುದು ಕಾವು ಕಣ್ಣಿನಲ್ಲಿ ಕೂರುವ ಬಗೆಗೆ. ಕಾರ್ಖಾನೆಯಿಂದ ಬರುವಾಗ ಕಣ್ಣಿನ ಒಳಗೆ ಬಣ್ಣ ಇರುತ್ತದೆ, ಅಚ್ಚಿನ ಏಣು ಇರುತ್ತದೆ. ಕಾವು ಆ ಏಣಿನ ಎರಡು ಮೂರು ಜಾಗದಲ್ಲಷ್ಟೇ ತಾಗಿ ನಿಂತಿರುತ್ತದೆ, ಉಳಿದೆಡೆ ಗಾಳಿ. ನಾಲ್ಕು ಏಟಿಗೆ ಆ ಜಾಗಗಳ ಮರ ಜಜ್ಜಿಹೋಗಿ ತಲೆ ಅಲ್ಲಾಡತೊಡಗುತ್ತದೆ. ಸ್ಕ್ರೂ ಇಟ್ಟಿರುವುದು ಇದನ್ನು ಮುಚ್ಚಿಹಾಕಲು. ಅದು ಮರದೊಳಗೆ ಚುಚ್ಚಿ ಗುಳಿ ಮಾಡುತ್ತದೆ, ಮುಂದೆ ಬಿರುಕು ಶುರುವಾಗಲು ಅದೇ ಜಾಗ. ಹೊಂದಿಕೆ ಸರಿಮಾಡಿದ ಮೇಲೆ ಸ್ಕ್ರೂ ಬೇಕಾಗುವುದಿಲ್ಲ.

ಸರಿಮಾಡುವ ರೀತಿ ಹೀಗೆ. ತಲೆ ಕಳಚಿ, ಅರ್ಧ ಗುಂಡಗಿನ ಅರದಿಂದ ಕಣ್ಣಿನ ಒಳಗಿನ ಬಣ್ಣ ಮತ್ತು ಏಣನ್ನು ಉಜ್ಜಿ ತೆಗೆಯಿರಿ. ಕಬ್ಬಿಣವನ್ನು ಹೆಚ್ಚು ತಿನ್ನಬೇಡಿ, ನುಣುಪಾದರೆ ಸಾಕು. ಕೆಳಬಾಯಿಯ ಅಂಚು ಚೂಪಾಗಿದ್ದರೆ ಸ್ವಲ್ಪ ಮೊಂಡು ಮಾಡಿ, ಇಲ್ಲದಿದ್ದರೆ ಅದೇ ಅಂಚು ಕಾವಿನ ನಾರನ್ನು ಸುತ್ತಲೂ ಕತ್ತರಿಸುತ್ತದೆ. ಈಗ ಕಣ್ಣಿನ ಒಳಗೆ ದೀಪದ ಕಾಡಿಗೆಯನ್ನೋ ಮೆತ್ತನೆಯ ಪೆನ್ಸಿಲಿನ ಪುಡಿಯನ್ನೋ ಸವರಿ, ಕಾವು ತೂರಿಸಿ, ಮೇಲ್ತುದಿ ಕುಟ್ಟಿ ಬಿಗಿಮಾಡಿ, ಮತ್ತೆ ಕಳಚಿ. ಕಾವಿನ ಮೇಲೆ ಎಲ್ಲಿ ಕಪ್ಪು ಹತ್ತಿದೆಯೋ ಅಲ್ಲಷ್ಟೇ ಮರದ ಅರದಿಂದ ಎರಡು ಸಲ ಎಳೆಯಿರಿ. ಮತ್ತೆ ಕಾಡಿಗೆ, ಮತ್ತೆ ತೂರಿಸುವುದು. ಕಪ್ಪು ಗುರುತು ಎರಡು ಮೂರು ಚುಕ್ಕೆಯಾಗಿದ್ದದ್ದು ಹರಡುತ್ತಾ ಹರಡುತ್ತಾ ಸುತ್ತಲೂ ಪಟ್ಟಿಯಾಗುತ್ತದೆ. ಆಗ ನಿಲ್ಲಿಸಿ. ಅವಸರದಲ್ಲಿ ಎಲ್ಲ ಕಡೆ ಒಂದೇ ಸಮ ಉಜ್ಜಿದರೆ ತಲೆ ಮೇಲಕ್ಕೆ ದಾಟಿ ಹೊರಬೀಳುತ್ತದೆ. ಪ್ರತಿ ಸುತ್ತಿನಲ್ಲೂ ತಲೆ ಸ್ವಲ್ಪ ಸ್ವಲ್ಪ ಮೇಲೇರುತ್ತದೆ ಅನ್ನುವುದನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರಿ, ಹೊಸ ಕಾವಾದರೆ ಮೇಲೆ ಎರಡು ಇಂಚು ಹೆಚ್ಚೇ ಬಿಟ್ಟು ಶುರುಮಾಡಿ.

ನಮ್ಮ ಕಡೆಯ ಹವೆ ಇದಕ್ಕೆ ಇನ್ನೊಂದು ಗಂಟು ಹಾಕುತ್ತದೆ. ಗಾಳಿಯ ತೇವ ಶೇ 50 ಇದ್ದಾಗ ಮರದೊಳಗಿನ ನೀರು ಅದರ ಒಣ ತೂಕದ ಶೇ 9ರ ಆಸುಪಾಸು, ತೇವ ಶೇ 80 ದಾಟಿದರೆ ನೀರಿನ ಅಂಶವೂ 16ರಿಂದ 20ಕ್ಕೆ ಏರುತ್ತದೆ. ಮೂಡಿಗೆರೆಯಲ್ಲೂ ಸಕಲೇಶಪುರದಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗುವುದಿಲ್ಲ, ಇನ್ನು ಮರ ಒಣಗುವುದೆಲ್ಲಿ. ಹಿಕರಿ ಸ್ವಲ್ಪ ಹೆಚ್ಚೇ ಹಿಗ್ಗುವ, ಕುಗ್ಗುವ ಮರ. ಕಣ್ಣಿನ ಅಳತೆಯ ದಪ್ಪದಲ್ಲಿ ಈ ಏರಿಳಿತ ಅರ್ಧದಿಂದ ಮುಕ್ಕಾಲು ಮಿಲಿಮೀಟರ್‌ವರೆಗೆ ಆಗಬಹುದು. ಮಳೆಗಾಲದಲ್ಲಿ ಹಿಗ್ಗಿದ ಮರಕ್ಕೆ ಕಬ್ಬಿಣದ ಕಣ್ಣು ಜಾಗ ಕೊಡುವುದಿಲ್ಲ, ನಾರು ಒಳಗೇ ಜಜ್ಜಿಕೊಳ್ಳುತ್ತದೆ. ಫೆಬ್ರವರಿಯ ಬಿಸಿಲಿಗೆ ಒಣಗಿದಾಗ ಮೊದಲಿಗಿಂತಲೂ ಸಣ್ಣದಾಗುತ್ತದೆ. ಬೆಣೆಯ ಕೊಡಲಿಯಾಗಿದ್ದರೆ ಹೊಸ ಬೆಣೆ ಬೇಕಿತ್ತು. ನಿಮ್ಮದಕ್ಕೆ ಮೇಲ್ತುದಿಗೆ ಎರಡು ಕುಟ್ಟು, ತಲೆ ಎರಡು ಮಿಲಿಮೀಟರ್ ಮೇಲೇರಿ ಮತ್ತೆ ಬಿಗಿ. ಮಲೆನಾಡಿನ ಹವೆಗೆ ಬೆಣೆಗಿಂತ ಈ ಏರ್ಪಾಡೇ ವಾಸಿ ಅಂತ ನನ್ನ ಅಭಿಪ್ರಾಯ.

ಸಡಿಲವಾದ ಕೊಡಲಿಯನ್ನು ರಾತ್ರಿಯಿಡೀ ಬಕೆಟ್ ನೀರಿನಲ್ಲಿ ಮುಳುಗಿಸಿಡುವ ರೂಢಿ ತೋಟಗಳಲ್ಲಿದೆ. ಬೆಳಿಗ್ಗೆ ಬಿಗಿಯಾಗಿರುತ್ತದೆ, ಸಂಜೆಗೆ ಮೊದಲಿಗಿಂತ ಸಡಿಲ. ಈಗ ಹೇಳಿದ ಜಜ್ಜುವ ಕೆಲಸವನ್ನೇ ಒಂದು ರಾತ್ರಿಯಲ್ಲಿ ಮಾಡಿದಂತಾಯಿತು. ಬೇಡ.

ಎರಡನೇ ಕಾವಿಗೆ ಹಿಕರಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ದಡಸಲು ಮರ (ಕೆಲವೆಡೆ ತಡಸಲು) ಗೊತ್ತಿರುವ ಮರದ ಆಚಾರಿಯನ್ನು ಕೇಳಿ. ಬಾಗುತ್ತದೆ, ಮುರಿಯುವುದಿಲ್ಲ, ಏಟಿನ ಜುಮ್ಮನ್ನು ಕೈಗೆ ಬಿಡುವುದಿಲ್ಲ. ಹತ್ಯಾರಗಳ ಕಾವಿಗೆ, ಗಾಡಿಯ ಮೂಕಿಗೆ ಇದಕ್ಕೆ ಮೊದಲಿನಿಂದಲೂ ಹೆಸರು. ದಿಂಡಿಗವೂ ಗಟ್ಟಿ, ಆದರೆ ಒಣಗುವಾಗ ಸೀಳು ಬಿಡುವ ಚಾಳಿ. ಅರಸೀಕೆರೆ ಕಡೆಯ ಬಯಲಿನಲ್ಲಾದರೆ ಕರಿಜಾಲಿ ಸಿಗುತ್ತದೆ, ಭಾರ ಹೆಚ್ಚು, ಗಿಡ್ಡ ಕಾವಿಗೆ ಅದು ತೊಡಕಲ್ಲ. ತೋಟದಲ್ಲೇ ಬೇಕಾದಷ್ಟಿದೆ ಅಂತ ಸಿಲ್ವರ್ ಓಕ್ ಮಾತ್ರ ಹಾಕಬೇಡಿ, ಏಟಿನ ಕೆಲಸಕ್ಕೆ ಅದು ಪಟ್ಟನೆ ಮುರಿಯುವ ಮರ. ಬುಡ ಕಿತ್ತ ಹಳೆ ಕಾಫಿ ಗಿಡದ ಕಾಂಡ ಗಟ್ಟಿಯಾಗಿ, ನುಣುಪಾಗಿ ಇರುತ್ತದೆ. 16 ಇಂಚು ನೇರವಾದ, ಗಂಟಿಲ್ಲದ ತುಂಡು ಅದರಲ್ಲಿ ಸಿಕ್ಕರೆ ಅದೃಷ್ಟ. ಬೀಟೆಯ ಗೋಜು ಬೇಡ, ತೋಟದೊಳಗಿದ್ದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಮುಟ್ಟುವ ಮರವಲ್ಲ ಅದು.

ಯಾವ ಮರ ಅನ್ನುವುದಕ್ಕಿಂತ ಹೇಗೆ ತೆಗೆದ ತುಂಡು ಅನ್ನುವುದು ಮುಖ್ಯ. ಮಿಲ್ಲಿನಲ್ಲಿ ಕೊಯ್ದ ರೀಪಿನಲ್ಲಿ ನಾರು ಓರೆಯಾಗಿ ಹೊರಗೆ ಹೋಗಿರುತ್ತದೆ, ಕಾವು ಮುರಿಯುವುದು ಆ ಓರೆಯಲ್ಲೇ. ಬೆಣೆ ಹೊಡೆದು ಸೀಳಿದ ತುಂಡಾದರೆ ಸೀಳು ನಾರಿನ ಜಾಡಿನಲ್ಲೇ ಹೋಗುತ್ತದೆ, ತುದಿಯಿಂದ ಬುಡದವರೆಗೆ ಎಳೆ ತುಂಡಾಗುವುದಿಲ್ಲ. ಬೇಸಿಗೆಯಲ್ಲಿ ತುಂಡು ತೆಗೆದು, ಎರಡೂ ತುದಿಗೆ ಮೇಣವನ್ನೋ ಬಣ್ಣವನ್ನೋ ಬಳಿದು, ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟುಬಿಡಿ. ದಪ್ಪದ ಒಂದಿಂಚಿಗೆ ಒಂದು ವರ್ಷ ಅನ್ನುವುದು ಬಡಗಿಗಳ ರೂಢಿ. ಹೊಗೆಯ ಅಟ್ಟದಲ್ಲಿ ಅದಕ್ಕಿಂತ ಬೇಗ ಆಗಬಹುದು, ಒಲೆಗೆ ತೀರ ಹತ್ತಿರ ಇಟ್ಟರೆ ಸೀಳುವುದೂ ಉಂಟು. ಹಸಿ ಮರದಲ್ಲಿ ಕೆತ್ತಿ ಅಂದೇ ತಲೆ ಕೂರಿಸಿದರೆ ಮುಂದಿನ ಬೇಸಿಗೆಗೆ ತಲೆ ನಿಮ್ಮ ಕಾಲಬುಡದಲ್ಲಿರುತ್ತದೆ.

ಹಿಡಿಯ ವಿಚಾರ. ತಲೆ ಬುಡದ ಕಡೆಯಿಂದ ಏರಬೇಕಾದ್ದರಿಂದ ಬುಡದಲ್ಲಿ ಕೈ ಜಾರದಂತೆ ತಡೆಯುವ ಉಬ್ಬು ಇಟ್ಟುಕೊಳ್ಳುವ ಹಾಗಿಲ್ಲ. ಮಳೆಯಲ್ಲಿ, ಬೆವರಿನಲ್ಲಿ ನೇರ ಕೋಲು ಕೈಯಿಂದ ಜಾರುತ್ತದೆ. ನಿಮ್ಮ ಹಗ್ಗದ ಯೋಚನೆ ಅದಕ್ಕೇ ಅಂತ ಊಹಿಸುತ್ತೇನೆ. ಆದರೆ ನಮ್ಮ ಮಳೆಗೆ ಹಗ್ಗ ನೀರು ಹಿಡಿದಿಡುತ್ತದೆ, ಅಡಿಯ ಮರಕ್ಕೆ ಬೂಷ್ಟು ಹತ್ತುತ್ತದೆ, ನೀವು ನೋಡುವುದು ಬಿಚ್ಚಿದಾಗ. ಚರ್ಮ ಸುತ್ತಿದರೆ ಇನ್ನೂ ಬೇಗ. ಜೊತೆಗೆ ತಲೆ ಕಳಚಬೇಕೆಂದಾಗೆಲ್ಲ ಸುತ್ತು ಬಿಚ್ಚಬೇಕು. ನನ್ನ ಸಲಹೆ ಬೇರೆ: ಗುಂಡನೆಯ ಹಿಡಿಯ ಎರಡು ಪಕ್ಕೆಗಳನ್ನು ಸ್ವಲ್ಪ ಸ್ವಲ್ಪ ಕೀಸಿ ಮೊಟ್ಟೆಯಾಕಾರಕ್ಕೆ ತನ್ನಿ. ಕತ್ತಲಲ್ಲಿ ಹಿಡಿದರೂ ಬಾಯಿ ಯಾವ ಕಡೆಗಿದೆ ಅಂತ ಅಂಗೈಗೆ ಗೊತ್ತಾಗುತ್ತದೆ, ಏಟು ಓರೆಯಾಗುವುದೂ ತಪ್ಪುತ್ತದೆ. ಬುಡದ ನಾಲ್ಕು ಇಂಚಿನಲ್ಲಿ ತೆಳ್ಳಗೆ ಅಡ್ಡ ಗೀರು ಹಾಕಿ. ಅಷ್ಟೂ ಸಾಲದೆಂದರೆ ಹಳೆ ಸೈಕಲ್ ಟ್ಯೂಬಿನ ತುಂಡನ್ನು ಏರಿಸಿಕೊಳ್ಳಿ, ಬೇಡವಾದಾಗ ಎಳೆದು ತೆಗೆಯಬಹುದು.

ಕಾರ್ಖಾನೆಯ ಹೊಳಪು ವಾರ್ನಿಷ್ ಇದ್ದರೆ ಗಾಜಿನ ಚೂರಿನಿಂದ ಕೆರೆದು ತೆಗೆಯಿರಿ, ಕೈಗೆ ಬೊಬ್ಬೆ ಬರಿಸುವುದು ಅದೇ. ಬದಲಿಗೆ ಪೇಂಟ್ ಅಂಗಡಿಯಲ್ಲಿ ಸಿಗುವ ಕಾಯಿಸಿದ ಅಗಸೆ ಎಣ್ಣೆಯನ್ನು ತೆಳ್ಳಗೆ ತಿಕ್ಕಿ, ಕಾಲು ಗಂಟೆ ಬಿಟ್ಟು ಹೆಚ್ಚಿನದನ್ನು ಒರೆಸಿ. ಒಂದೆರಡು ದಿನ ಒಣಗಿಸಿ ಇನ್ನೊಂದು ಸಲ. ಬುಡದ ಕೊಯ್ದ ಮುಖಕ್ಕೆ ಧಾರಾಳವಾಗಿ ಹಚ್ಚಿ, ನೀರು ಹೆಚ್ಚು ಕುಡಿಯುವುದು ಅಲ್ಲೇ. ಎಣ್ಣೆ ಹತ್ತಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಆ ಶಾಖ ಕೂಡಿಕೊಂಡು ತಾನಾಗಿ ಬೆಂಕಿ ಹತ್ತುವುದಿದೆ. ಗೋಣಿಚೀಲ ಪೇರಿಸಿದ ಕಾಫಿ ಗೋದಾಮಿನಲ್ಲಂತೂ ಖಂಡಿತ ಬೇಡ. ಬಿಡಿಸಿ ಹೊರಗೆ ಹರವಿ, ಇಲ್ಲವೇ ನೀರಿಗೆ ಹಾಕಿ. ತೆಂಗಿನೆಣ್ಣೆ ಒಣಗುವ ಎಣ್ಣೆಯಲ್ಲ, ಅಂಟಂಟಾಗಿ ಉಳಿಯುತ್ತದೆ. ಗೇರು ಎಣ್ಣೆ ಮರಕ್ಕೆ ಹುಳ ಬರದಂತೆ ತಡೆಯುತ್ತದೆ ಅಂತ ಯಾರಾದರೂ ಹೇಳಿದರೆ, ಅದು ಮನೆಯ ಜಂತಿಗೆ ಸರಿ. ಕೈಯಲ್ಲಿ ಹಿಡಿಯುವ ಕಾವಿಗೆ ಹಚ್ಚಿದರೆ ಅಂಗೈ ಸುಲಿಯುತ್ತದೆ.

ಬಾಯಿ ಹರಿತ ಮಾಡಿಸಲು ಆಚಾರಿ ಹತ್ತಿರ ಒಯ್ಯುವುದಾದರೆ ಒಂದೇ ಷರತ್ತು: ಕುಲುಮೆಗೆ ಇಡಕೂಡದು. ಲಾರಿಯ ಕಮಾನು ಪಟ್ಟಿಯಿಂದ ಕತ್ತಿ ಬಡಿದು ಕಣ್ಣಳತೆಯಲ್ಲಿ ಹದ ಹಾಕುವ ಕೈ ಅವರದು, ಆ ವಿದ್ಯೆಯ ಬಗ್ಗೆ ನನಗೆ ಗೌರವವಿದೆ. ಆದರೆ ನಿಮ್ಮದರ ಹದವನ್ನು ಕಾರ್ಖಾನೆಯಲ್ಲಿ ಹಾಕಿಯಾಗಿದೆ. ಈ ಬಗೆಯ ತಲೆಗಳಿಗೆ ಸಾಮಾನ್ಯವಾಗಿ ಬಳಸುವ 1055 ಉಕ್ಕಿನಲ್ಲಿ ಇಂಗಾಲ ಸುಮಾರು ಶೇ 0.55. ಮತ್ತೆ ಕೆಂಪಗೆ ಕಾಯಿಸಿದರೆ ಹದವೆಲ್ಲ ಮೊದಲಿನಿಂದ ಹಾಕಬೇಕು. ಕರೆಂಟಿನ ಸಾಣೆ ಚಕ್ರವೂ ಅಪಾಯವೇ. ಬಾಯಿಯ ಅಂಚು ನೀಲಿಗೆ ತಿರುಗಿತೆಂದರೆ ಅಲ್ಲಿ 300 ಡಿಗ್ರಿಯ ಹತ್ತಿರ ಬಿಸಿಯಾಗಿದೆ, ಹದ ಇಳಿದಿದೆ ಅಂತ ಅರ್ಥ. ಆ ನೀಲಿ ಇರುವಷ್ಟೂ ಲೋಹ ಸವೆಸಿ ತೆಗೆಯುವವರೆಗೆ ಅಂಚು ನಿಲ್ಲುವುದಿಲ್ಲ.

10 ಇಂಚಿನ ಚಪ್ಪಟೆ ಅರ, ಎರಡು ಬದಿಯ ಕಾರ್ಬೊರಂಡಮ್ ಕಲ್ಲು, ಒಂದು ತುಂಡು ಚರ್ಮ ಸಾಕು. ಕೈಗವಸು ಹಾಕಿಕೊಂಡು, ತಲೆಯನ್ನು ಬಿಗಿಯಾಗಿ ಕಟ್ಟಿ, ಅರವನ್ನು ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಿ. ಎರಡೂ ಬದಿ ಸೇರಿ 30 ಡಿಗ್ರಿಯ ಕೋನ ನಮ್ಮ ಗಟ್ಟಿ ಸೌದೆಗೆ ಒಳ್ಳೆಯ ನಡುದಾರಿ. ಹಸಿ ಮರವನ್ನಷ್ಟೇ ಕೆತ್ತುವವರು 25ಕ್ಕೆ ಇಳಿಸಬಹುದು. ಒಣಗಿದ ಕಾಫಿ ಬೊಡ್ಡೆಗೆ 25ರ ಬಾಯಿ ಹಾಕಿದರೆ ಮುಕ್ಕಾಗುತ್ತದೆ. ಹಿಂಬದಿ ಸುತ್ತಿಗೆಯಾಕಾರದ್ದಾಗಿದ್ದರೆ ಮರದ ಗೂಟ, ಟೆಂಟಿನ ಮೊಳೆ ಹೊಡೆಯಿರಿ. ತಲೆಯನ್ನೇ ಬೆಣೆ ಮಾಡಿ ಅದರ ಹಿಂಬದಿಗೆ ಇನ್ನೊಂದು ಸುತ್ತಿಗೆಯಿಂದ ಹೊಡೆಯಬೇಡಿ. ಕಣ್ಣಿನ ಪಕ್ಕದ ಗೋಡೆ ತೆಳು, ಆಕಾರ ಕೆಟ್ಟರೆ ಮುಂದೆ ಯಾವ ಕಾವೂ ಸರಿಯಾಗಿ ಕೂರುವುದಿಲ್ಲ. ಗೂಟ ಹೊಡೆದು ಮುಗಿಸಿದ ಮೇಲೆ ತಲೆ ಬಿಗಿಯಿದೆಯೇ ಅಂತ ಒಮ್ಮೆ ನೋಡಿ, ಆ ಅಡ್ಡ ಅದುರಿಗೆ ಕಳಚುವುದು ಹೆಚ್ಚು.

ಕಪ್ಪು ಬಣ್ಣ ತೆಗೆಯಲೇಬೇಕು ಅಂತಿಲ್ಲ. ಬರೀ ಉಕ್ಕು ನೋಡಲು ಚಂದ, ಆದರೆ ಆಷಾಢದಲ್ಲಿ ಒಂದು ರಾತ್ರಿ ಹೊರಗಿಟ್ಟರೆ ಬೆಳಿಗ್ಗೆ ಕೆಂಪು. ಕಣ್ಣಿನ ಒಳಗೆ ಮತ್ತು ಬಾಯಿಯ ಅಂಚಿನಲ್ಲಿ ಹೋದರೆ ಸಾಕು, ಉಳಿದದ್ದು ಇರಲಿ. ಎಲ್ಲವನ್ನೂ ತೆಗೆದರೆ ಹೊಲಿಗೆ ಯಂತ್ರದ ಎಣ್ಣೆ ಸವರುವ ಅಭ್ಯಾಸ ಇಟ್ಟುಕೊಳ್ಳಿ. ಮಳೆಗಾಲ ಪೂರ್ತಿ ಚರ್ಮದ ಚೀಲದಿಂದ ಹೊರಗಿಡಿ, ಒದ್ದೆ ಚರ್ಮದೊಳಗೆ ತುಕ್ಕು ಬೇಗ. ಎಸೆಯುವ ಆಟ ಆಡುವ ಉದ್ದೇಶವಿದ್ದರೆ ಅದಕ್ಕೇ ಅಗ್ಗದ್ದೊಂದು ಕಾವು ಇಟ್ಟುಕೊಳ್ಳಿ, ಎಸೆತದಲ್ಲಿ ಕಾವು ಮುರಿಯುವುದು ನಿತ್ಯದ ಮಾತು.

ಕೊನೆಯದು ಟ್ರೆಕ್ಕಿಂಗ್. ಒಯ್ಯಬೇಡಿ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಭದ್ರಾ ಅಭಯಾರಣ್ಯ ಇಂಥ ಜಾಗಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಅದರ 31ನೇ ಕಲಮಿನ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಆಯುಧ ಹಿಡಿದು ಅಭಯಾರಣ್ಯದೊಳಗೆ ಹೋಗುವಂತಿಲ್ಲ, ಕಾಯ್ದೆಯ ಆಯುಧಗಳ ಪಟ್ಟಿಯಲ್ಲಿ ಚಾಕು ಕೂಡ ಇದೆ. ಎತ್ತಿನಭುಜಕ್ಕೋ ಬಲ್ಲಾಳರಾಯನದುರ್ಗಕ್ಕೋ ಹೋಗಿ ಬರುವ ದಾರಿಯಲ್ಲಿ ಕಡಿಯುವಂಥ ಕೆಲಸವೂ ಏನಿಲ್ಲ, ಬೆಂಕಿ ಹಾಕುವ ಹಾಗೂ ಇಲ್ಲ. ಇನ್ನೊಂದು ಎಚ್ಚರಿಕೆ: 1959ರ ಆಯುಧ ಕಾಯ್ದೆಯಡಿ ಮಾಡಿದ ನಿಯಮಗಳ ಪಟ್ಟಿಯಲ್ಲಿ ಯುದ್ಧದ ಕೊಡಲಿಯ ಹೆಸರಿದೆ, ಮನೆಬಳಕೆಗೂ ಕೃಷಿಗೂ ಮಾಡಿದ ಹತ್ಯಾರಗಳನ್ನು ಅದರಿಂದ ಹೊರಗಿಟ್ಟಿದ್ದಾರೆ. ಹಿಂಬದಿಯಲ್ಲಿ ಚೂಪು ಮೊನೆ ಇರುವ ಮಾದರಿಯನ್ನು ಬೈಕಿಗೆ ಸಿಕ್ಕಿಸಿಕೊಂಡು ಪೇಟೆಯಲ್ಲಿ ತಿರುಗಿದರೆ ಇದು ಸೌದೆ ಒಡೆಯಲು ಅಂತ ಪೊಲೀಸರಿಗೆ ನಂಬಿಸುವುದು ಕಷ್ಟ. ಆ ಮೊನೆಯಿಂದ ತೋಟದಲ್ಲಿ ಆಗುವ ಕೆಲಸವೂ ಇಲ್ಲ, ಮಂಡಿಯೂರಿ ಸೌದೆ ಸೀಳುವಾಗ ಏಟು ಪುಟಿದರೆ ಅದು ಬರುವುದು ನಿಮ್ಮ ಮುಖಕ್ಕೆ. ನಿಮ್ಮದು ಅಂಥದ್ದಾಗಿದ್ದರೆ ಅರದಿಂದ ಮೊಂಡು ಮಾಡಿಬಿಡಿ. ಮನೆಯಿಂದ ಹಳ್ಳದ ದಂಡೆಗೆ ಒಯ್ಯುವಾಗಲೂ ತಲೆ ಕಳಚಿ, ಬಾಯಿಗೆ ಮುಸುಕು ಹಾಕಿಯೇ ಒಯ್ಯಿರಿ.